ಹದಿನಾರರ ಮಳೆ

ಕಾಂದಿವಲಿ ಪೂರ್ವದಲ್ಲಿ, ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ ಒಂದು ಟ್ರಸ್ಟಿನ ಶಾಲೆ ಇದೆ. ಆ ಶಾಲೆಯ ಹಿಂದಿನ ಹುಲ್ಲಿನಲ್ಲಿ ಮೂವತ್ತೊಂದು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ, ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಆಕಾಶದ ನೀರನ್ನು ಅಳೆಯುತ್ತಿದ್ದ. ಹೆಸರು ಶಿವಪುತ್ರಪ್ಪ. ಸಿಂದಗಿಯ ಕಡೆಯವನು. ಮಾಲಿಯ ಕೆಲಸಕ್ಕೆ ಬಂದವನಿಗೆ ಆಗಿನ ಹೆಡ್‌ಮಾಸ್ತರರು, ಗಿಡಕ್ಕೆ ನೀರು ಹಾಕುವವನು ಮುಗಿಲಿನ ನೀರನ್ನೂ ನೋಡಿಕೊಳ್ಳಲಿ ಎಂದು ನಗುತ್ತಾ ಈ ಕೆಲಸವನ್ನೂ ಹಚ್ಚಿದ್ದರು.

ಕೆಲಸವೆಂದರೆ ಇಷ್ಟೇ. ಸಿಮೆಂಟಿನ ಸಣ್ಣ ಕಟ್ಟೆಯ ಮೇಲೆ ಮೊಣಕಾಲೆತ್ತರದ ಒಂದು ಡಬ್ಬಿ. ಅದರ ಬಾಯಿಗೆ ಲಾಳಿಕೆ. ಒಳಗೆ ನೀರು ಕೂಡಿಕೊಳ್ಳಲು ಬಾಟಲಿ. ಬಾಟಲಿಯ ನೀರನ್ನು ಇಪ್ಪತ್ತು ಮಿಲಿಮೀಟರಿನವರೆಗೆ ಗೆರೆ ಕೊರೆದ ಗ್ಲಾಸಿಗೆ ಸುರಿದು ಓದಬೇಕು. ನಿಂತು ನೋಡಿದರೆ ಒಂದು ಲೆಕ್ಕ ಕಾಣುತ್ತದೆ, ಬಗ್ಗಿ ನೋಡಿದರೆ ಇನ್ನೊಂದು. ಕಣ್ಣು ನೀರಿನ ಮಟ್ಟಕ್ಕೆ ಸಮನಾಗಿ ಇಳಿದಾಗ ಮಾತ್ರ ನಿಜವಾದ ಲೆಕ್ಕ. ಅದನ್ನು ತಿಂಗಳ ಹಾಳೆಯಲ್ಲಿ ತಾರೀಖಿನ ಮನೆಯಲ್ಲಿ ಬರೆಯಬೇಕು, ತಿಂಗಳು ಮುಗಿದ ಮೇಲೆ ಕೊಲಾಬಾದ ಹವಾಮಾನ ಕಚೇರಿಗೆ ಅಂಚೆಗೆ ಹಾಕಬೇಕು. ಶಿವಪುತ್ರಪ್ಪ ಮಿಂದು, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಡಬ್ಬಿಯ ಮುಂದೆ ಬಂದು ಕೂರುತ್ತಿದ್ದ. "ಕೊಡಾಂವ ಶಿವ, ಬರ್ಕೊಳ್ಳಾಂವ ನಾ. ಅಂವ ಕೊಟ್ಟದ್ದಕ್ಕ ಒಂದು ಹನಿ ಹೆಚ್ಚೂ ಬರಿಬಾರ್ದು, ಒಂದು ಹನಿ ಕಮ್ಮೀನೂ ಬರಿಬಾರ್ದು" ಎನ್ನುವನು. ಪೂಜೆಯ ಮುಂದುವರಿದ ಭಾಗವೆಂದೇ ಅವನು ಅದನ್ನು ತಿಳಿದಿದ್ದ.

ಬರೆಯುವುದಕ್ಕೆ ಒಂದು ನೇಮವಿತ್ತು. ಈ ಬೆಳಿಗ್ಗೆ ಎಂಟೂವರೆಗೆ ಅಳೆದ ನೀರು, ನಿನ್ನೆ ಸಂಜೆಯೇ ಬಿದ್ದದ್ದಾದರೂ, ಈ ದಿನದ ತಾರೀಖಿನ ಮನೆಗೇ ಹೋಗಬೇಕು. ದೇಶದಲ್ಲೆಲ್ಲ ಹೀಗೆಯೇ ಬರೆಯುತ್ತಾರೆ. ಓದುವವರೂ ಹಾಗೆಂದು ತಿಳಿದೇ ಓದುತ್ತಾರೆ. ಮೊದಮೊದಲು ಅವನಿಗೆ ವಿಚಿತ್ರವೆನಿಸಿತ್ತು. ಆಮೇಲೆ ಅದು ಕೈಗೆ ಎಷ್ಟು ಕೂತಿತೆಂದರೆ, ಅದೊಂದು ನೇಮ ಎನ್ನುವುದೇ ಮರೆತುಹೋಯಿತು.

ಈಗ ಅವನಿಗೆ ಅರವತ್ತೆರಡು. ಶಾಲೆಯ ಡಬ್ಬಿಯನ್ನು ತೆಗೆದು, ಆ ಜಾಗದಲ್ಲಿ ತಾನೇ ಅಳೆದು ತಾನೇ ತಿಳಿಸುವ ಯಂತ್ರ ನಿಲ್ಲಿಸಿ ಎರಡು ವರ್ಷವಾಯಿತು. ನಿವೃತ್ತನಾದ ಶಿವಪುತ್ರಪ್ಪ ಹೆಂಡತಿ ಕಾಶವ್ವ, ಮಗ ಅಮೋಲ್‌ನ ಜೊತೆ ಹತ್ತಿರದ ಚಾಳಿನಲ್ಲಿದ್ದಾನೆ. ಆ ಮನೆಯ ಮೇಲೆ ಮೂರು ವರ್ಷದಿಂದ ಒಂದು ಕೇಸು ಕೂತಿದೆ.

ಮೂರು ವರ್ಷದ ಹಿಂದೆ ಅಮೋಲ್ ಒಂದು ದೊಡ್ಡ ಬಿಲ್ಡಿಂಗಿನಲ್ಲಿ ಪಂಪ್ ಆಪರೇಟರ್ ಆಗಿದ್ದ. ಎರಡು ಅಂತಸ್ತಿನ ಬೇಸ್‌ಮೆಂಟು. ಅಲ್ಲಿ ಕಾರು ನಿಲ್ಲಿಸುತ್ತಾರೆ, ಡ್ರೈವರುಗಳು ಮಲಗುತ್ತಾರೆ. ಜುಲೈ ಹದಿನಾರರ ಸಂಜೆ ಐದಕ್ಕೆ ಮಳೆ ಹಿಡಿಯಿತು. ಆರೂವರೆಯ ಹೊತ್ತಿಗೆ ರಸ್ತೆಯ ನೀರು ಇಳಿಜಾರಿನಲ್ಲಿ ನುಗ್ಗಿತು, ಕರೆಂಟು ಹೋಯಿತು, ಪಂಪು ನಿಂತಿತು. ಜನರೇಟರು ಇರಲಿಲ್ಲ. ಅಮೋಲ್ ಎದೆಮಟ್ಟದ ನೀರಿನಲ್ಲಿ ಕೂಗುತ್ತಾ ಮೂವರನ್ನು ಮೇಲೆ ಅಟ್ಟಿದ. ಕೆಳಗಿನ ಅಂತಸ್ತಿನ ಕಾರಿನಲ್ಲಿ ನಿದ್ದೆ ಹೋಗಿದ್ದ ಪ್ರೀತಮ್ ಎಂಬ ಡ್ರೈವರ್ ಹುಡುಗ ಮಾತ್ರ ಮೇಲೆ ಬರಲಿಲ್ಲ. ಇಪ್ಪತ್ತಾರು ವರ್ಷ. ಅವನ ಹೆಸರು ಹೇಳಿ ಕಾಶವ್ವ ಇವತ್ತಿಗೂ ಸೋಮವಾರ ಒಂದು ಹೊತ್ತು ಉಪವಾಸವಿರುತ್ತಾಳೆ.

ಬಿಲ್ಡಿಂಗಿನವರು ಪೊಲೀಸರ ಮುಂದೆ ಬೇರೆಯೇ ಮಾತು ಹೇಳಿದರು. ಮಳೆ ಬಿದ್ದದ್ದು ಹಿಂದಿನ ರಾತ್ರಿ, ನೀರು ಹದಿನಾರರ ಬೆಳಿಗ್ಗೆಯಿಂದಲೇ ಬೇಸ್‌ಮೆಂಟಿನಲ್ಲಿ ನಿಂತಿತ್ತು, ಆಪರೇಟರ್ ಇಡೀ ದಿನ ಪಂಪು ಹಚ್ಚಲಿಲ್ಲ. ಸಂಜೆ ಚರಂಡಿ ಕಟ್ಟಿ ಅದೇ ನೀರು ಉಕ್ಕಿತು. ಹಾಗೆಂದು ಆರು ಜನ ಸಾಕ್ಷಿ ಹೇಳಿದರು. ಅವರೆಲ್ಲ ಬೇಕೆಂದೇ ಸುಳ್ಳು ಹೇಳಿದರೆನ್ನಲಾಗದು. ಮುಂಬೈಯ ಜುಲೈಯಲ್ಲಿ ಯಾವ ಮಳೆ ಯಾವ ಸಂಜೆಯದು ಎಂದು ಯಾರ ತಲೆಯಲ್ಲಿ ಉಳಿಯುತ್ತದೆ? ಜನರೇಟರಿನ ಮಾತು ಬರದಿದ್ದರೆ ಸಾಕು ಎಂದಿದ್ದವರಿಗೆ ಹಿಂದಿನ ರಾತ್ರಿಯೇ ಅನುಕೂಲವಾಗಿ ನೆನಪಾಯಿತು. ಹೀಗಾಗಿ ಅಮೋಲ್ ಜೈಲಿಗೆ ಹೋಗುವುದು, ಬಿಡುವುದು, ಒಂದೇ ಒಂದು ಮಾತಿಗೆ ಬಂದು ನಿಂತಿತು: ಆ ಮಳೆ ಬಿದ್ದದ್ದು ಯಾವಾಗ?

"ಅಷ್ಟ ಏನು?" ಎಂದಿದ್ದ ಶಿವಪುತ್ರಪ್ಪ, ವಕೀಲ ಧನರಾಜ್‌ನ ಮುಂದೆ ಕೂತು. ವಿಲೆ ಪಾರ್ಲೆಯ ಒಂದು ಉಡುಪಿ ಹೋಟೆಲಿನ ಮೇಲಿನ ಕೋಣೆ ಅದು. ಕೆಳಗಿನಿಂದ ಸಾಂಬಾರಿನ ಘಮ ಮೆಟ್ಟಿಲೇರಿ ಬರುತ್ತಿತ್ತು. "ವಕೀಲ ಸಾಹೇಬ್ರ, ಆ ಬಿಲ್ಡಿಂಗಿನಿಂದ ನಮ್ಮ ಸಾಲಿ ಒಂದು ಹರದಾರಿನೂ ಇಲ್ಲ. ಹದಿನಾರರ ಮಳಿ ನಮ್ಮ ಡಬ್ಬಿಯೊಳಗ ಬಿದ್ದೈತಿ, ಬರದೈತಿ. ಕಾಗದ ತರಸ್ರಿ."

ಧನರಾಜ್ ಮಂಗಳೂರಿನವನು. ಕನ್ನಡಕ ಹಣೆಗೇರಿಸಿ ನಕ್ಕ. "ಮಾರಾಯ್ರೆ, ನಿಮ್ಮ ಡಬ್ಬಿ ಮೇಲೆ ಅಷ್ಟು ಧೈರ್ಯ ಉಂಟಾ? ಒಂದ್ಸಲ ಕೋರ್ಟಿನಿಂದ ತರಿಸಿದ್ರೆ ವಾಪಸ್ ಕಳಿಸ್ಲಿಕ್ಕೆ ಆಗುದಿಲ್ಲ, ಗೊತ್ತುಂಟಲ್ಲ?"

"ಡಬ್ಬಿ ಮ್ಯಾಲ ಅಲ್ಲರಿ. ಶಿವನ ಮ್ಯಾಲ."

ಹಾಗೆ ಅರ್ಜಿ ಬಿತ್ತು. ಶಿವಪುತ್ರಪ್ಪ ತಾನೇ ಕಟಕಟೆ ಹತ್ತಿ, ಆ ಮಳೆಯ ಹಾಳೆಗಳ ಪುಸ್ತಕದಲ್ಲಿ ಮೂವತ್ತೊಂದು ವರ್ಷ ಒಂದು ಅಂಕಿಯೂ ಸುಳ್ಳು ಬಿದ್ದಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ. ಹೇಳುವಾಗ ಕೊರಳಿನ ಲಿಂಗವನ್ನು ಹಿಡಿದುಕೊಂಡಿದ್ದ. ಆ ಗಳಿಗೆಯಲ್ಲಿ ಅವನಿಗೆ ಅದು ಸತ್ಯವೇ ಆಗಿತ್ತು.

ಇಂದಿನ ಮಳೆ, ನಿನ್ನೆಯ ಮಳೆ ಬೇಕಾದರೆ ಈಗ ಮೊಬೈಲಿನಲ್ಲಿಯೇ ಸಿಗುತ್ತದೆ; ಅಮೋಲ್ ಬೆರಳಾಡಿಸಿ ತೋರಿಸುತ್ತಿದ್ದ. ಮೂರು ವರ್ಷ ಹಳೆಯದು, ಅದೂ ಒಂದು ಶಾಲೆಯ ಹಿತ್ತಲಿನದು, ಹಾಗೆ ಸಿಗುವುದಿಲ್ಲ. ಯಾವ ಜಾಗದ್ದು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾತಕ್ಕೆ ಬೇಕು ಎಂದು ಬರೆದುಕೊಟ್ಟು ಕಚೇರಿಯಿಂದ ಪಡೆಯಬೇಕು. ಶಾಲೆಯ ಬೀರುವಿನಲ್ಲಿದ್ದ ಹಾಳೆಗಳ ಎರಡನೆಯ ಪ್ರತಿಗೆ ಗೆದ್ದಲು ಹಿಡಿದು, ಅವನು ನಿವೃತ್ತನಾದ ವರ್ಷವೇ ಗುಜರಿಗೆ ಹೋಗಿತ್ತು. ಕೋರ್ಟಿನ ಕಾಗದ ಅದರ ದಾರಿಯಲ್ಲಿ ಹೋಗಲಿ, ನಮ್ಮ ಕೈಯಲ್ಲೊಂದು ಪ್ರತಿ ಮೊದಲೇ ಇರಲಿ ಎಂದು ಧನರಾಜ್ ಹೇಳಿದ ಮೇಲೆ ಶಿವಪುತ್ರಪ್ಪ ಒಂದು ಬುಧವಾರ ಚರ್ಚ್‌ಗೇಟಿನಲ್ಲಿಳಿದು ಬಸ್ಸು ಹಿಡಿದು ಕೊಲಾಬಾಕ್ಕೆ ಹೋದ.

ದಾಖಲೆಯ ವಿಭಾಗದಲ್ಲಿದ್ದವಳು ಮಾಧುರಿ, ಬೆಳಗಾವಿಯ ಹೆಣ್ಣುಮಗಳು. ಇವನ ಮರಾಠಿಯಲ್ಲಿಯೇ ಕನ್ನಡ ಕೇಳಿಸಿ, "ಕೂಡ್ರಿ ಕಾಕಾ" ಎಂದಳು. ಶಾಲೆಯ ಹೆಸರು ಕೇಳಿ ಅವಳ ಮುಖ ಅರಳಿತು. "ಅಯ್ಯ, ಆ ಗುಂಡನೆ ಅಕ್ಷರದ ಕಾಕಾ ನೀವನ? ನಿಮ್ಮ ಹಾಳಿ ಬಂತಂದ್ರ ನಮಗ ಸಸಾರ. ಉಳದವರದು ಓದಬೇಕಂದ್ರ ಜ್ಯೋತಿಷಿ ಬೇಕು."

ಶಿವಪುತ್ರಪ್ಪ ಮದುಮಗನಂತೆ ತಲೆ ತಗ್ಗಿಸಿದ. ಜನ್ಮದಲ್ಲಿ ಯಾರೂ ಅವನ ಆ ಕೆಲಸವನ್ನು ಹೊಗಳಿರಲಿಲ್ಲ.

ಅವಳು ಪರದೆಯ ಮೇಲೆ ಆ ಜುಲೈಯ ಹಾಳೆ ತೆರೆದಳು. ಅವನು ಕುರ್ಚಿ ಜರುಗಿಸಿ ಕೂತು, ಹಳೆಯ ರೂಢಿಯಂತೆ ಕಣ್ಣನ್ನು ಸಾಲಿನ ಮಟ್ಟಕ್ಕೆ ಇಳಿಸಿದ. ಹದಿನಾರರ ಮನೆಯಲ್ಲಿ 214.0.

"ಐತಿ ನೋಡವಾ!" ಎಂದು ಮೇಜಿಗೆ ಅಂಗೈ ಬಡಿದ. "ಹದಿನಾರಕ್ಕ ಎರಡನೂರಾ ಹದಿನಾಕು! ಹೇಳಿದ್ನಲ್ಲ ನಾ ವಕೀಲಗ!"

ಮಾಧುರಿ ಅರ್ಜಿಯನ್ನು ಇನ್ನೊಮ್ಮೆ ಓದಿಕೊಂಡಳು. "ಕಾಕಾ, ನಿಮಗ ಬೇಕಾಗಿರೋದು ಹದಿನಾರರ ಸಂಜಿದು ಹೌದಲ್ರಿ?"

"ಹೌದವಾ."

"ಹಂಗಾದ್ರ ಅದು ಹದಿನೇಳರ ಮನ್ಯಾಗ ಇರ್ತೈತಿ. ಹದಿನಾರರ ಮನ್ಯಾಗ ಇರೋದು ಹದಿನಾರರ ಮುಂಜಾನಿ ಎಂಟೂವರಿತನಕ ಬಿದ್ದದ್ದು. ನಿಮಗ ನಾ ಏನ್ ಹೇಳ್ಲಿ, ನೀವ ಬರದವರು."

ಅವನ ಅಂಗೈ ಮೇಜಿನ ಮೇಲೆಯೇ ಉಳಿಯಿತು. ಕಣ್ಣು ಒಂದು ಸಾಲು ಕೆಳಗಿಳಿಯಿತು. ಹದಿನೇಳರ ಮನೆಯಲ್ಲಿ 3.2.

ಕಾಗದ ಹೇಳುತ್ತಿದ್ದುದು ಬಿಲ್ಡಿಂಗಿನವರ ಮಾತನ್ನೇ. ಮಹಾಮಳೆ ಬಿದ್ದದ್ದು ಹದಿನೈದರ ರಾತ್ರಿ. ಹದಿನಾರರ ಸಂಜೆ ನೆಲ ನೆನೆಯುವಷ್ಟೂ ಬೀಳಲಿಲ್ಲ. ಪಂಪಿನವನಿಗೆ ಇಡೀ ಹಗಲು ಸಮಯವಿತ್ತು.

"ಇಲ್ಲವಾ, ಇಲ್ಲ. ಇದು ತಪ್ಪೈತಿ" ಎಂದು ಅವನು ಪರದೆಯ ಹತ್ತಿರ ಹೋದ. ಆಗ ಅಕ್ಷರ ಕಂಡಿತು. ಹದಿಮೂರರವರೆಗೆ ಅವನದು. ಹದಿನಾಲ್ಕರಿಂದ ಹತ್ತೊಂಬತ್ತರವರೆಗೆ ಬೇರೆ ಕೈ: ಪೆನ್ನು ಒತ್ತಿ ಒತ್ತಿ, ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಒಂದೊಂದಾಗಿ ಇಟ್ಟ ಅಂಕಿಗಳು. ಕಾಶವ್ವನ ಅಂಕಿಗಳು.

ಎಲ್ಲವೂ ನೆನಪಾಯಿತು. ಹದಿಮೂರರ ಬೆಳಿಗ್ಗೆ ಅಳೆದು ಬರೆದು ಎದ್ದವನೇ ಹೊಟ್ಟೆನೋವಿನಿಂದ ಅಲ್ಲೇ ಕುಸಿದಿದ್ದ. ಪರೇಲಿನ ಆಸ್ಪತ್ರೆಗೆ ಸೇರಿಸಿ ಆಪರೇಶನ್ ಮಾಡಿದರು. ಸ್ಟ್ರೆಚರಿನ ಮೇಲೆ ಮಲಗಿಯೂ ಕಾಶವ್ವನಿಗೆ ಹೇಳಿದ್ದ: ಎಂಟೂವರೆ ತಪ್ಪಬಾರದು, ಗ್ಲಾಸು ತೊಳೆದಿರಬೇಕು, ಕಣ್ಣು ಸಮ ಇಡಬೇಕು, ಹನಿ ಚೆಲ್ಲಬಾರದು, ಗ್ಲಾಸಿಗಿಂತ ನೀರು ಹೆಚ್ಚಿದ್ದರೆ ತುಂಬಿದ್ದೆಷ್ಟು ಸಲ ಎಂದು ಎಣಿಸಬೇಕು. ಎಲ್ಲವನ್ನೂ ಹೇಳಿದ್ದ. ಯಾವ ಮನೆಯಲ್ಲಿ ಬರೆಯಬೇಕು ಎಂದು ಮಾತ್ರ ಹೇಳಿರಲಿಲ್ಲ. ಅದು ಹೇಳಬೇಕಾದ ಮಾತು ಎನ್ನುವುದೇ ಅವನಿಗೆ ಹೊಳೆದಿರಲಿಲ್ಲ.

ಅವಳು ನಿನ್ನೆಯ ಮಳೆಯನ್ನು ನಿನ್ನೆಯ ಮನೆಯಲ್ಲಿ ಬರೆದಿದ್ದಳು. ಹದಿನೇಳರ ಬೆಳಿಗ್ಗೆ ಅಳೆದದ್ದು ಹದಿನಾರಕ್ಕೆ, ಹದಿನೆಂಟರ ಬೆಳಿಗ್ಗೆಯದು ಹದಿನೇಳಕ್ಕೆ; ಆರು ಸಾಲು ಒಂದೊಂದು ಮನೆ ಮೇಲಕ್ಕೆ ಸರಿದಿದ್ದವು. ಹದಿನಾಲ್ಕರ ಬೆಳಿಗ್ಗೆ ಡಬ್ಬಿ ಒಣಗಿದ್ದರಿಂದ ಅವಳು ಏನೂ ಬರೆಯಬೇಕಾಗಿರಲಿಲ್ಲ; ಗಂಡ ಹದಿಮೂರರ ಮನೆಯನ್ನು ಮೊದಲೇ ತುಂಬಿಹೋಗಿದ್ದು ಅವಳ ಗಮನಕ್ಕೂ ಬಂದಿರಲಿಲ್ಲ.

ಇನ್ನೂ ಒಂದು ಸಾಲು ಕೆಳಗೆ, ಇಪ್ಪತ್ತರ ಮನೆಯಲ್ಲಿ, 11.0 ಎಂದಿತ್ತು. ಆ ಅಂಕಿ ಕಾಶವ್ವನದಲ್ಲ. ಅದು ಅವನದೇ.

ಅದನ್ನು ನೋಡಿದಾಗ ಶಿವಪುತ್ರಪ್ಪನಿಗೆ ಆ ಸಂಜೆಯೂ ನೆನಪಾಯಿತು. ಇಪ್ಪತ್ತರ ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಸುದ್ದಿ ಬಾಗಿಲಲ್ಲಿಯೇ ಕಿವಿಗೆ ಬಿದ್ದಿತ್ತು: ಡ್ರೈವರ್ ಸತ್ತದ್ದು, ಅಮೋಲ್‌ನನ್ನು ಪೊಲೀಸರು ಕರೆದೊಯ್ದದ್ದು. ಒಳಗೆ ಬಂದು ಕೂತವನ ಕಣ್ಣಿಗೆ ತಿಂಗಳ ಹಾಳೆ ಕಂಡಿತು. ಇಪ್ಪತ್ತರ ಮನೆ ಖಾಲಿ ಇತ್ತು. "ಇವತ್ತಿಂದು ಬರದಿಲ್ಲೇನು?" ಎಂದು ಕೇಳಿದ್ದ. "ಬರದೀನಲ್ರಿ" ಎಂದಿದ್ದಳು ಅವಳು, ಅಳುತ್ತಾ. ಈ ಗದ್ದಲದಲ್ಲಿ ಅಳೆಯುವುದನ್ನು ಮರೆತು ಹೆದರಿ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡ. ಮನೆ ಖಾಲಿ ಬಿಟ್ಟರೆ ಯಾಕೆಂದು ಕೇಳುತ್ತಾರೆ, ಆಗ ಮಾಲಿ ಹೆಂಡತಿಯ ಕೈಯಲ್ಲಿ ಸರ್ಕಾರಿ ಕೆಲಸ ಮಾಡಿಸಿದ ಎಂಬ ಮಾತು ಬರಬಹುದು. ಆ ಬೆಳಿಗ್ಗೆ ಪರೇಲಿನಲ್ಲಿ ಕಿಟಕಿಯಾಚೆ ಸಣ್ಣ ಮಳೆ ಕಂಡಿದ್ದ. ಹನ್ನೊಂದು ಎಂದು ಬರೆದುಬಿಟ್ಟ. ಮೂವತ್ತೊಂದು ವರ್ಷದಲ್ಲಿ ಅದೊಂದೇ. ಬರೆದದ್ದು ಮರೆತೇ ಹೋಗಿತ್ತು. ಲಿಂಗ ಹಿಡಿದು ಪ್ರಮಾಣ ಮಾಡುವಾಗಲೂ ನೆನಪಾಗಿರಲಿಲ್ಲ.

ಅವನು ಎಲ್ಲವನ್ನೂ ಮಾಧುರಿಗೆ ಹೇಳಿದ. ಅವಳು ಎದುರಿನ ಹಾಳೆಯನ್ನೇ ನೋಡುತ್ತಾ ಕೇಳಿದಳು. ಇಪ್ಪತ್ತರ ಮನೆಯ ಮೇಲೆ ಬೆರಳಿಟ್ಟು, "ಖಾಲಿ ಇದ್ದಿದ್ರ ಕಾಕಾ..." ಎಂದಳು. "ಆ ಒಂದು ಮನಿ ಖಾಲಿ ಇದ್ದಿದ್ರ, ಅಕ್ಷರಾನೂ ಬ್ಯಾರೆ ಐತಿ, ಒಂದು ದಿನ ಜಾರೇತಿ ಅಂತ ಯಾರ ಮುಂದರೆ ತೋರಿಸಲಿಕ್ಕೆ ಬರ್ತಿತ್ತು. ಈಗ ಎಲ್ಲಾ ಮನಿ ತುಂಬ್ಯಾವ. ಒಂದು ಸಾಲೂ ತಪ್ಪಿಲ್ಲ."

"ನೀ ತಿದ್ದಲಿಕ್ಕೆ ಬರೂದಿಲ್ಲೇನವಾ?"

"ಆರೋಪಿ ತಂದಿ ಬಂದು ಹೇಳಿದ್ರು, ಅದಕ್ಕ ತಿದ್ದಿದ್ಯಾ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಮಗ್ಗುಲ ಮಳಿ ಅಳಿಯೂ ಬ್ಯಾರೆ ಸ್ಟೇಷನ್ ಇರಲಿಲ್ಲ ಆಗ. ಸಾಂತಾಕ್ರೂಜ್ ನೋಡಿದೆ. ಅಲ್ಲಿ ಎರಡೂ ದಿನ ಮಳಿ ಐತಿ, ಅದರಿಂದ ಏನೂ ಆಗೂದಿಲ್ಲ." ಅವನ ಅರ್ಜಿಯನ್ನು ಫೈಲಿಗೆ ಸೇರಿಸುತ್ತಾ ಅಂದಳು: "ಕೋರ್ಟಿಗೆ ಕಳಸೋ ಪ್ರತಿ ಸೋಮವಾರನ ಹೋಗೇತಿ ಕಾಕಾ. ನಾನ ಸಿಕ್ಕಾ ಹಾಕಿ ಕಳಸೀನಿ."

ಅವನು ತನ್ನ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಅವಳು ನೀರು ಕೊಟ್ಟಳು, ಕುಡಿದ. ಹೊರಗೆ ಕಚೇರಿಯ ಅಂಗಳದಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣ ಸುಮ್ಮನೆ ತಿರುಗುತ್ತಿತ್ತು.

ಮನೆಯಲ್ಲಿ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಕೇಳಿದಳು. "ಸಿಕ್ತೇನ್ರಿ ಕಾಗದ?"

"ಸಿಕ್ತು."

"ಅದರಾಗ ನಾ ಬರದದ್ದು ಹಂಗ ಐತ್ಯೋ, ಏನರೆ ಅಳಿಸಿ ಪಳಿಸಿ ಹೋಗೇತ್ಯೋ?"

"ಹಂಗ ಐತಿ. ಎರಡನೂರಾ ಹದಿನಾಕು."

ಕಾಶವ್ವನ ಮುಖ ಬೆಳಗಿತು. "ಇರಲಾರದ ಏನು? ಆ ಮುಂಜಾನಿ ಮನ್ಯಾಗ ನಾ ಒಬ್ಬಾಕಿ. ಮಗ ಪೊಲೀಸ್ ಸ್ಟೇಷನ್ನಿನ್ಯಾಗ, ನೀವು ದವಾಖಾನ್ಯಾಗ. ಆದ್ರೂ ಎಂಟೂವರಿಗೆ ಹೋಗಿ ಕುಂತೆ. ಗ್ಲಾಸ್ ತುಂಬಿ ಚೆಲ್ಲಿದಾಗೊಮ್ಮೆ ಒಂದು ಕಡ್ಲಿಕಾಳು ಉಡ್ಯಾಗ ಹಾಕ್ಕೊಂಡೆ. ಹತ್ತು ಕಾಳು, ಮ್ಯಾಲ ಹದಿನಾಕು. ನಾ ತಪ್ಪಿದ್ರೂ ಕಾಳು ತಪ್ಪೂದಿಲ್ಲಲ್ಲ?"

ಶಿವಪುತ್ರಪ್ಪ ಗೋಡೆಗೆ ಒರಗಿ ಕೂತ. ಏನೋ ಹಳೆಯ ಮಾತು ಕೇಳುವವನಂತೆ ಕೇಳಿದ. "ಹದಿನೇಳರ ಮುಂಜಾನಿ ಅಳದಿ. ಹದಿನಾರರ ಮನ್ಯಾಗ ಯಾಕ ಬರದಿ?"

"ಯಾಕಂದ್ರ?" ಕಾಶವ್ವ ಹಿಟ್ಟಿನ ಕೈ ನಿಲ್ಲಿಸಿ ಅವನನ್ನು ನೋಡಿದಳು. "ಹದಿನಾರರ ಮಳಿ ಹದಿನಾರಕ್ಕಲ್ದ ಮತ್ತ್ಯಾವದಕ್ಕ ಬರೀಲಿ? ನಿನ್ನಿ ಹುಟ್ಟಿದ ಕೂಸಿಗೆ ಇವತ್ತಿನ ದಿನ ಹಚ್ಚಿ ಹೆಸರಿಡ್ತಾರೇನ್ರಿ? ಮೂವತ್ತು ವರ್ಷ ಬರದು ಇದನ್ನ ನನಗ ಕೇಳ್ತೀರಲ್ಲ!" ಎಂದು ನಕ್ಕಳು. ಕೇಸು ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಅವನು ಕಂಡಿರಲಿಲ್ಲ.

"ಖರೇನ" ಎಂದ ಅವನು.

ಮರುದಿನ ತಂದೆ ಮಗ ಇಬ್ಬರೂ ಧನರಾಜ್‌ನ ಕೋಣೆಯಲ್ಲಿ ಕೂತಿದ್ದರು. ಕಾಗದವನ್ನು ಓದಿ, ಕತೆ ಕೇಳಿ, ಧನರಾಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಎಂತ ಮಾರಾಯ್ರೆ ಇದು. ಪುಸ್ತಕ ನಿಜ ಅಂತ ಪ್ರಮಾಣ ಮಾಡಿದ್ದು ನೀವೇ. ಈಗ ಪುಸ್ತಕ ಸುಳ್ಳು ಅಂತ ಹೇಳುದೂ ನೀವೇ. ಆ ಕಡೆಯ ವಕೀಲನಿಗೆ ಕೆಲಸವೇ ಇಲ್ಲ, ಕೂತು ಚಾ ಕುಡೀಬೌದು."

"ಖರೆ ಹೇಳಿದ್ರ ನಂಬೂದಿಲ್ಲೇನ್ರಿ?"

"ನಂಬಬೇಕಾದ್ರೆ ಆ ಸಾಲು ಬರೆದವರೇ ಬರ್ಬೇಕು. ಅಮ್ಮನನ್ನ ಕಟಕಟೆ ಹತ್ತಿಸ್ಬೇಕು. ಅವರೂ ಆರೋಪಿಯ ತಾಯಿ. ಸರ್ಕಾರಿ ಲೆಕ್ಕ ನೀವ್ಯಾಕೆ ಮುಟ್ಟಿದ್ದು, ಯಾರು ಕಲಿಸಿದ್ದು, ಮಗನಿಗೋಸ್ಕರ ಈಗ ಕತೆ ಕಟ್ತೀರಾ ಅಂತ ಅರ್ಧ ದಿನ ಅರೀತಾರೆ. ಅಷ್ಟಾದ್ಮೇಲೂ..." ಅವನು ಕೈ ಆಡಿಸಿದ. "ರೂಪಾಯಿಯಲ್ಲಿ ಒಂದಾಣೆ ಆಸೆ ಉಂಟು ಅಂದ್ರೆ ಅದೂ ಹೆಚ್ಚೇ."

ಅಮೋಲ್ ಕುರ್ಚಿಯನ್ನು ಮುಂದೆ ಎಳೆದುಕೊಂಡ. ಮೂವತ್ತಕ್ಕೇ ಅವನ ಕಿವಿಯ ಮೇಲಿನ ಕೂದಲು ನೆರೆತಿತ್ತು. ಮುಂಬೈಯಲ್ಲಿಯೇ ಹುಟ್ಟಿದವನು, ಕನ್ನಡ ಅವನಿಗೆ ಮನೆಯೊಳಗಿನ ಭಾಷೆ ಮಾತ್ರ. "ಅವ್ವಗ ಹೇಳಬ್ಯಾಡ ಅಪ್ಪಾ" ಎಂದ. "ಹೇಳಿದ್ರ ಏನ್ ಆಗ್ತದ ಗೊತ್ತದ? ನಾ ಅಂದರ್ ಹೋದ್ರ ದೋ ಸಾಲ್. ಅವಳಿಗಿ ಗೊತ್ತಾದ್ರ, ನನ್ನ ಕೈಯಿಂದ ಮಗ ಹೋದ ಅಂತ... ಪೂರಾ ಜಿಂದಗಿ. ಕಸಮ್ ಖಾ, ಅಪ್ಪಾ."

"ಲೇ ತಮ್ಮಾ, ಒಂದಾಣೆ ಅಂದ್ರೂ ಒಂದಾಣೆನಲೇ."

"ಆಣಿ ಮಾಡು. ಕಸಮ್ ಖಾ."

ಶಿವಪುತ್ರಪ್ಪನ ಕೈ ಕೊರಳಿಗೆ ಹೋಯಿತು, ಅಲ್ಲಿಯೇ ನಿಂತಿತು. ಇದೇ ಲಿಂಗ ಹಿಡಿದು ಒಮ್ಮೆ ಹೇಳಿದ ಮಾತು ಏನಾಯಿತೆಂದು ಅವನಿಗೆ ಗೊತ್ತಿತ್ತು. ಕೈ ತೆಗೆದು ಮಗನ ತಲೆಯ ಮೇಲಿಟ್ಟು, ಹೇಳುವುದಿಲ್ಲ ಎಂದ.

ಆ ರಾತ್ರಿಗಳು ಅವನಿಗೆ ಹೇಗೆ ಕಳೆದವೋ ಅವನ ದೇವರೇ ಬಲ್ಲ. ಪೂಜೆಗೆ ಕೂತರೆ ಮಂತ್ರ ಬಾಯಿಗೆ ಬರುತ್ತಿರಲಿಲ್ಲ. ಇಪ್ಪತ್ತರ ಆ ಖಾಲಿ ಮನೆ ಕಣ್ಣೆದುರು ಬರುತ್ತಿತ್ತು. ಶಿವ ಅದನ್ನು ಖಾಲಿ ಇಟ್ಟಿದ್ದ. ಮೂರು ವರ್ಷದ ಆಚೆ ಬರುವ ಆಪತ್ತಿಗೆಂದು ಒಂದು ಕಿಟಕಿಯಷ್ಟು ಜಾಗ ಬಿಟ್ಟಿದ್ದ. ಅದನ್ನು ಮುಚ್ಚಿದವನು ತಾನು. ಹನ್ನೊಂದು ಮಿಲಿಮೀಟರ್, ಬೀಳದೇ ಇದ್ದ ಮಳೆ, ತನ್ನ ಮಾನ ನೆನೆಯದಿರಲೆಂದು.

ಸುಮ್ಮನೆ ಕೂರಲು ಅವನಿಂದಾಗಲಿಲ್ಲ. ಕಚೇರಿಯ ಕಾಗದ ಅಂಧೇರಿಯ ಕೋರ್ಟಿನಲ್ಲಿ ತೆರೆದ ದಿನ, ಕಾಶವ್ವನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದ. ಧನರಾಜ್ ಬೇಡವೆಂದು ತೋಳು ಹಿಡಿದರೂ ಎದ್ದು ನಿಂತು, ಮ್ಯಾಜಿಸ್ಟ್ರೇಟರಿಗೆ ಕೈ ಮುಗಿದು, ಒಂದು ಮಾತಿದೆ ಎಂದ. ಅವರು ವಯಸ್ಸಾದ ಹೆಂಗಸು, ಸಮಾಧಾನದವರು. ಕಟಕಟೆ ಹತ್ತಿ ಹೇಳಲು ಬಿಟ್ಟರು. ಇಪ್ಪತ್ತರ ಅಂಕಿ ತನ್ನ ಕೈಯ ಸುಳ್ಳು ಎಂದ. ಹದಿನಾರರ ಮನೆಯಲ್ಲಿರುವುದು ಹದಿನೇಳರ ಮನೆಗೆ ಸೇರಿದ್ದು, ಆರು ಸಾಲು ಜಾರಿವೆ ಎಂದ. ಮರಾಠಿಯಲ್ಲಿ ತಡವರಿಸುತ್ತಾ, ಕೈಬೆರಳು ಮಡಿಸಿ ತಾರೀಖು ಎಣಿಸುತ್ತಾ ಎಲ್ಲವನ್ನೂ ಹೇಳಿದ.

ಅವರು ತಾಳ್ಮೆಯಿಂದ ಕೇಳಿದರು. ಕನ್ನಡಕದ ಮೇಲಿನಿಂದ ಹಾಳೆಯನ್ನು ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಈ ಆರು ಸಾಲಿನ ಅಕ್ಷರ ನಿಮ್ಮದಲ್ಲ. ಯಾರದು?"

ಕೋರ್ಟಿನ ಫ್ಯಾನು ತಿರುಗುತ್ತಿತ್ತು. ಆರೋಪಿಯ ಜಾಗದಲ್ಲಿ ನಿಂತಿದ್ದ ಅಮೋಲ್ ತಂದೆಯನ್ನೇ ನೋಡುತ್ತಿದ್ದ. ಹೇಳಿದರೆ ಒಂದಾಣೆ. ಹೇಳಿದರೆ ಕಾಶವ್ವ, ಉಡಿಯ ಕಡಲೆಕಾಳು, ಆ ನಗು. ಶಿವಪುತ್ರಪ್ಪ ತುಟಿ ತೆರೆದ. ಮಗ ತಲೆಯನ್ನು ಇಷ್ಟೇ ಇಷ್ಟು ಅಲುಗಿಸಿದ.

"ಗೊತ್ತಿಲ್ಲ ಸಾಹೇಬ" ಎಂದ.

ಅವರು ಏನೋ ಬರೆದುಕೊಂಡರು. ಆ ಕಡೆಯ ವಕೀಲ ಎದ್ದು ನಿಲ್ಲಲೂ ಇಲ್ಲ.

ತೀರ್ಪಿನ ದಿನ ಕಾಶವ್ವ ಬರುತ್ತೇನೆಂದು ಹಟ ಹಿಡಿದಳು. ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಹಿಂದಿನ ಬೆಂಚಿನಲ್ಲಿ ಗಂಡನ ಪಕ್ಕದಲ್ಲಿ ಕೂತಳು. ತೀರ್ಪು ಇಂಗ್ಲಿಷಿನಲ್ಲಿತ್ತು. ನಡುವೆ ಒಂದು ಕಡೆ ಹದಿನಾರನೇ ಜುಲೈ ಎಂದ ಮೇಲೆ ಎರಡು ನೂರಾ ಹದಿನಾಲ್ಕು ಮಿಲಿಮೀಟರ್ ಎಂದು ಓದಿದಾಗ, ಅಷ್ಟು ಮಾತ್ರ ಅವಳಿಗೆ ತಿಳಿಯಿತು. ಗಂಡನ ತೋಳು ಹಿಡಿದಳು. "ನಂದ ಓದಿದ್ರು" ಎಂದು ಪಿಸುಗುಟ್ಟಿದಳು. ಅವನು ಮುಂದಿನ ಬೆಂಚಿನ ಕಟ್ಟಿಗೆಯನ್ನು ನೋಡುತ್ತಾ ತಲೆ ಆಡಿಸಿದ. ಅವನಿಗೆ ಆ ಹೊತ್ತಿನಲ್ಲಿ ಒಂದು ವಿಚಾರ ಬಂತು: ಇಡೀ ಪುಸ್ತಕದಲ್ಲಿ ಮಳೆಯನ್ನು ಅದು ಬಿದ್ದ ದಿನದ ಹೆಸರಿನಲ್ಲಿಯೇ ಬರೆದವಳು ಇವಳೊಬ್ಬಳೇ. ಮೇಲೆ ಒಂದು ಲೆಕ್ಕದ ಪುಸ್ತಕ ಇರುವುದೇ ಆದರೆ ಅದರಲ್ಲಿ ಇವಳ ಆರು ಸಾಲು ಸರಿಯಾಗಿಯೇ ಇದ್ದಾವು. ಆದರೆ ಆ ಪುಸ್ತಕದ ಪ್ರತಿ ತರಿಸಲು ಯಾವ ಕಚೇರಿಗೂ ಅರ್ಜಿ ಹಾಕುವಂತಿಲ್ಲ.

ಎರಡು ವರ್ಷ. ಮೇಲಿನ ಕೋರ್ಟಿಗೆ ಹೋಗಲು ಮೂವತ್ತು ದಿನದ ಗಡುವು, ಅಲ್ಲಿಯವರೆಗೆ ಜಾಮೀನು. ಧನರಾಜ್ ಹೊರಗೆ ಬಂದು, ಹಾಕುವ, ಅಪೀಲು ಹಾಕುವ ಎಂದ. ಹೇಳುವಾಗ ಶಿವಪುತ್ರಪ್ಪನ ಮುಖ ನೋಡಲಿಲ್ಲ.

ಮಧ್ಯಾಹ್ನದ ಲೋಕಲ್ಲಿನಲ್ಲಿ ಜಾಗವಿತ್ತು. ಮೂವರೂ ಒಂದೇ ಸೀಟಿನಲ್ಲಿ ಕೂತರು. ಗೋರೆಗಾಂವ್ ದಾಟುವವರೆಗೆ ಕಾಶವ್ವ ಅತ್ತಳು, ಸದ್ದಿಲ್ಲದೆ, ಸೆರಗಿನಲ್ಲಿ. ಮಲಾಡಿನ ಹತ್ತಿರ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು.

"ನನಗ ತಿಳಿವಲ್ದು. ಖರೆ ಕಾಗದ ಮುಂದಿಟ್ಟೀವಿ, ಓದ್ಯಾರ, ಆದ್ರೂ ಹಿಂಗ್ಯಾಕ?" ಎಂದಳು. ಅವಳು ತಾನೇ ಯೋಚಿಸಿದಳು. "ಆ ಸಿಕ್ಕಾ ಸರಿ ಮೂಡಿರಲಿಕ್ಕಿಲ್ರಿ. ಮಸಿ ಹಾರಿದ್ರ ಯಾರಿಗಿ ಕಾಣ್ತೈತಿ? ಮ್ಯಾಲಿನ ಕೋರ್ಟಿಗೆ ಇನ್ನೊಂದು ಪ್ರತಿ ತರಸೂಣು. ಆ ಹುಡುಗಿಗೆ ಹೇಳ್ರಿ, ಸ್ವಚ್ಛ ಕಾಣೂ ಹಂಗ ಕೊಡವಾ ಅಂತ. ಬೇಕಾದ್ರ ನಾನೂ ಬರ್ತೀನಿ."

ಶಿವಪುತ್ರಪ್ಪ ಕಿಟಕಿಯ ಕಡೆ ತಿರುಗಿದ. ಹಳಿಯ ಪಕ್ಕದ ಗೋಡೆಗಳು ಓಡುತ್ತಿದ್ದವು.

"ಹಾಂ ಅವ್ವಾ" ಎಂದ ಅಮೋಲ್, ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು. "ತರಸೂಣು."